ಸೆಕೆಂಡಿಗೆ ಒಂದೇ ಚೆಂಡು

ಟೋರ್ಕಿಲ್,

ನನ್ನ ಯಂತ್ರ ಕಾರಿಗೆ ಹಾಕಿಕೊಂಡು ಆಟದ ಇಟ್ಟಿಗೆ ಯಂತ್ರಗಳ ಮೇಳಕ್ಕೆ ಹೊರಟೆ. ನೀನು ಎದ್ದಕೂಡಲೇ ನಿನ್ನ ಯಂತ್ರಕ್ಕೆ ಕೈ ಹಾಕಬೇಡ, ಮೊದಲು ಇದನ್ನು ಓದು.

ನಿನ್ನೆ ಊಟದ ಹೊತ್ತಿಗೆ ಅದು ಚೆನ್ನಾಗಿಯೇ ಓಡುತ್ತಿತ್ತು. "ಸ್ವಲ್ಪ ಸರಿ ಮಾಡ್ತೀನಿ ಅಷ್ಟೇ ಕಣೇ" ಅಂದೆ ನೀನು. ಬೆಳಿಗ್ಗೆ ನೋಡಿದರೆ ಅದಕ್ಕೆ ಇನ್ನೊಂದು ಮೋಟಾರು! ಹೋದ ವರ್ಷದ ಮೇಳಕ್ಕೂ ನೀನು ಹೀಗೇ ಸರಿ ಮಾಡಿದ್ದೆ. ಸಾಲಿನ ಮುಂದಿನ ಯಂತ್ರಕ್ಕೆ ಒಂದೊಂದೇ ಚೆಂಡು ದಾಟಿಸಬೇಕಾದ ನಿನ್ನ ಯಂತ್ರ ಚೆಂಡುಗಳನ್ನೆಲ್ಲ ರಾಶಿ ರಾಶಿಯಾಗಿ ಪಕ್ಕದ ನನ್ನ ಯಂತ್ರಕ್ಕೆ ಸುರಿಯಿತು, ನನ್ನದು ಸಿಕ್ಕಿಕೊಂಡಿತು, ಯಂತ್ರಗಳ ಇಡೀ ಸಾಲು ನಿಂತುಹೋಯಿತು. ಜನ "ಪಾಪ, ಬೋದಿಲ್‌ದು ಕೆಟ್ಟೋಯ್ತು" ಅಂದರು. ನೀನೂ ಅವರ ಜೊತೆ ತಲೆಯಾಡಿಸುತ್ತ ನಿಂತಿದ್ದೆ!

ಎರಡನೇ ಮೋಟಾರು ಬಿಚ್ಚಿಡು. ಸೆಕೆಂಡಿಗೆ ಒಂದೇ ಚೆಂಡು, ಸಾಲಿನಲ್ಲಿ ಎಲ್ಲರಿಗೂ ಅದೇ ನಿಯಮ.

ಆ ಮೋಟಾರಿಗೆಂದು ಅಡುಗೆಮನೆ ತಕ್ಕಡಿಯಿಂದ ನೀನು ಕಿತ್ತ ಬ್ಯಾಟರಿ ವಾಪಸ್ ಹಾಕು.

ಮೇಜಿನ ತುಂಬ ಹರಡಿದ್ದ ಆಟದ ಇಟ್ಟಿಗೆಗಳನ್ನು ಬಣ್ಣ, ಅಳತೆ ಒಂದೂ ನೋಡದೆ ಒಂದೇ ಡಬ್ಬಕ್ಕೆ ಸುರಿದಿದ್ದೇನೆ. ಬೈದುಕೋ.

ಫ್ರಿಜ್ಜಿನಲ್ಲಿ ರೈ ಬ್ರೆಡ್ಡು, ಹೆರಿಂಗ್ ಮೀನು ಇದೆ. ತಿಂದೇ ಬಾ. ಹೊಟ್ಟೆ ಖಾಲಿಯಿದ್ದರೆ ನಿನ್ನ ತಲೆ ಇನ್ನೂ ಜೋರಾಗಿ ಓಡುತ್ತದೆ.

ಇನ್ನೊಂದು ವಿಷಯ. ಮೇಳ ನಡೆಸುವ ಪ್ರೇಬೆನ್‌ಗೆ ಫೋನ್ ಮಾಡಿ ನಮ್ಮಿಬ್ಬರ ಜಾಗ ಅದಲುಬದಲು ಮಾಡಿಸಿದ್ದೇನೆ. "ಅಯ್ಯೋ, ಹೋದ ವರ್ಷವೇ ಮಾಡ್ಬೇಕಿತ್ತಮ್ಮ" ಅಂದ. ಇವತ್ತು ಮೊದಲು ನನ್ನದು, ಆಮೇಲೆ ನಿನ್ನದು. ನಾನು ಕಳಿಸಿದ್ದನ್ನು ನೀನು ಹಿಡಿಯಬೇಕು.

ಹೆದರಬೇಡ ಮಾರಾಯ, ಒಂದೊಂದೇ ಕಳಿಸುತ್ತೇನೆ.

ಬೋದಿಲ್