ಯುದ್ಧದ ಗಾಯವೇ ಹೌದು

ಮಾರ್ಚ್ 14, ಶುಕ್ರವಾರ. ಲಾಟನ್.

ಖುಷಿಗೆ ನಿದ್ದೆ ಬರುತ್ತಿಲ್ಲ. ನನ್ನ ಮೊಣಕಾಲಿನದು ಯುದ್ಧದಲ್ಲಿ ಆದ ಗಾಯವೆಂದು ಸೇನೆ ಕೊನೆಗೂ ಒಪ್ಪಿದೆ. ಇನ್ನು ಪಿಂಚಣಿಯ ಜೊತೆ ಪರಿಹಾರವೂ ಬರುತ್ತದೆ.

ಎರಡು ಸಲ ಅರ್ಜಿ ತಿರಸ್ಕರಿಸಿದ್ದರು. ಇರಾಕಿನಲ್ಲಿ ನಾನು ಓಡಿಸುತ್ತಿದ್ದ ಟ್ರಕ್ ಮಗುಚಿದ್ದು ಬರೀ ರಸ್ತೆ ಅಪಘಾತವಂತೆ. ಬಾಂಬ್ ಸಿಡಿದದ್ದು ಅವರ ಯಾವ ವರದಿಯಲ್ಲೂ ಇರಲಿಲ್ಲ. ಅಂದು ನನ್ನ ಪಕ್ಕದಲ್ಲೇ ಕೂತಿದ್ದ ಟಾಲಿವರ್‌ನನ್ನು ಹುಡುಕಿ ಹಿಡಿದು, ಕಂಡದ್ದನ್ನು ಬರೆದುಕೊಡು ಎಂದೆ. ಮರುಮಾತಿಲ್ಲದೆ ಬರೆದುಕೊಟ್ಟ.

ಸಂಜೆ ಅವನಿಗೆ ಫೋನ್ ಮಾಡಿ ಸುದ್ದಿ ಹೇಳಿದೆ. “ಹಾಗಾದ್ರೆ ಸಾರ್ಜೆಂಟ್, ನಿಮಗೆ ಗಾಡಿ ಓಡ್ಸೋಕೆ ಬರುತ್ತೆ ಅಂತ ಸರ್ಕಾರಾನೂ ಒಪ್ಕೊಂಡ್ತು,” ಅಂದ.

“ನೀನು ಒಪ್ಕೋತೀಯೇನೋ?”

“ಅದಕ್ಕೆ ಇನ್ನೊಂದು ಅರ್ಜಿ ಹಾಕಿ.”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಮೀನು ಹುರಿಯುತ್ತೇನೆಂದು ನನ್ನ ಗಂಡ ವೆಂಡೆಲ್ ಬಾಣಲೆ ಇಟ್ಟ. ಮೀನು ತರಲು ಅಂಗಡಿಗೆ ನಾನೇ ಹೋದೆ. ಇಷ್ಟು ವರ್ಷ ಜನರೆದುರು ಕುಂಟಬಾರದೆಂದು ಹಲ್ಲು ಕಚ್ಚಿ ನಡೆಯುತ್ತಿದ್ದವಳು, ಇವತ್ತು ಅಂಗಡಿಯ ಆ ತುದಿಯಿಂದ ಈ ತುದಿಗೆ ಧಾರಾಳವಾಗಿ ಕುಂಟಿದೆ. ಏನಾಯಿತೆಂದು ಯಾರಾದರೂ ಕೇಳಲಿ ಎಂದು ಬೇಕೆಂದೇ ನಿಧಾನ ಮಾಡಿದೆ. ಯಾರೂ ಕೇಳಲಿಲ್ಲ. ಇರಲಿ, ಭಾನುವಾರ ಚರ್ಚಿನಲ್ಲಿ ಎಲ್ಲರೂ ಕೂತ ಮೇಲೆ, ಮುಂದಿನ ಸಾಲಿನವರೆಗೂ ಹೀಗೇ ನಡೆದು ಹೋಗುತ್ತೇನೆ.