ವಾರಿಜಾಕ್ಷಿಯ ಬಳೆ ಅಳತೆ

ವಾರಿಜಾಕ್ಷಿ,

ಈ ಕಾಗದ ಟಪಾಲಿಗೆ ಬೀಳುವುದಿಲ್ಲವಾದ್ದರಿಂದ ಧೈರ್ಯವಾಗಿ ತಪ್ಪೊಪ್ಪಿಕೊಳ್ಳುತ್ತೇನೆ: ನಾನು ನಿನ್ನ ಹೆಸರನ್ನು ಕದ್ದಿದ್ದೇನೆ.

ಜಿದ್ದಾದ ನಮ್ಮ ಕಂಪನಿಯಲ್ಲಿ ಒಬ್ಬ ಕೊರಿಯನ್ ಫೋರ್‌ಮನ್. ಹೆಸರಿಗೆ ಪಾರ್ಕ್, ತಲೆಯ ಮೇಲೆ ಹುಲ್ಲುಕಡ್ಡಿಯೂ ಇಲ್ಲ. ಶುಕ್ರವಾರ ಊರು ಸುತ್ತುತ್ತಾ ನನಗೆ ಕೊರಿಯನ್ ಕಲಿಸುತ್ತಾನೆ. 'ನಿಮ್ಮ ಹೆಂಡತಿಯ ಹೆಸರೇನು?' ಎಂಬ ಪಾಠ ಬಂದಾಗ, ಪಾಠ ಕೆಡಬಾರದೆಂದು ಈ ಬ್ರಹ್ಮಚಾರಿ ನಿನ್ನ ಹೆಸರು ಹೇಳಿಬಿಟ್ಟ. ನಿನ್ನ ಯಜಮಾನರು ಕ್ಷಮಿಸಲಿ.

ಈಗ ಆ ಭಾಷೆಯಲ್ಲಿ ನಾನು ಉತ್ತರಿಸಲಾಗದ ಪ್ರಶ್ನೆಯೇ ಇಲ್ಲ. ನಿನ್ನ ಅಡುಗೆ, ನಿನ್ನ ಬೈಗುಳ, ಎಲ್ಲವನ್ನೂ ಸಮುದ್ರದಂಡೆಯಲ್ಲಿ ನಡೆಯುತ್ತಾ ಸರಾಗವಾಗಿ ವರ್ಣಿಸಿದ್ದೇನೆ.

ಇವತ್ತು ಶರಫಿಯಾ ಪೇಟೆಯಲ್ಲಿ ಪಾರ್ಕ್ ತಟ್ಟನೆ ಬಳೆ ಅಂಗಡಿಗೆ ನುಗ್ಗಿದ. ನಿನಗೆ ಅವನ ಉಡುಗೊರೆಯಂತೆ. ಅಂಗಡಿಯವರು ಅದ್ದು ಎಂಬ ಬಂಟ್ವಾಳದವರು. ಹಸಿರು ಗಾಜಿನ ಬಳೆ ಹರಡಿ ಕನ್ನಡದಲ್ಲೇ ಕೇಳಿದರು, "ಅಳತೆ ಎಷ್ಟು ಮಾರಾಯ್ರೆ?"

ನಾನು ಪಾರ್ಕ್‌ನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ.

"ಎಂತ, ಹೆಂಡತಿ ಕೈ ಹಿಡಿದದ್ದು ನೀವೇ ಅಲ್ವಾ?" ಎಂದು ಅದ್ದು ನಕ್ಕರು.

ಕೊನೆಗೆ ನನ್ನ ಕೈಯನ್ನೇ ಚಾಚಿದೆ. ಬಳೆಗಳು ನನಗೆ ಚೆನ್ನಾಗಿ ಒಪ್ಪುತ್ತವೆ. ಮೂರು ವರ್ಷ ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋದೆವಲ್ಲ, ಒಮ್ಮೆಯೂ ನಿನ್ನ ಕೈ ಹಿಡಿದಿರಲಿಲ್ಲ, ಮಾರಾಯ್ತಿ.