ಆ ಲಕೋಟೆ ಬಿಚ್ಚಿ ಕೂದಲಿನ ಬಣ್ಣ ನೋಡಿ

ಶುದ್ಧ ತಳಿ ಕುದುರೆಗಳ ವಂಶಾವಳಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಬರುವ ಸೋಮವಾರ ನನ್ನ ಅಪ್ಪ ನಿಮ್ಮ ಮೇಜಿನ ಮುಂದೆ ನಿಂತು ಒಂದು ಸುಳ್ಳಿಗೆ ಸಹಿ ಹಾಕಲಿದ್ದಾರೆ. ಆ ಸುಳ್ಳನ್ನು ಬರೆದುಕೊಟ್ಟವರು ನೀವೇ. ಬೇರೆ ಯಾವುದೋ ಕುದುರೆಗೆ ಹುಟ್ಟಿದ ಮರಿಯನ್ನು ಹೆಸರಾಂತ ಗಂಡು ಕುದುರೆಯ ಮಗಳೆಂದು ನಂಬಿಸಿ ಬೇಕೆಂದೇ ಕಚೇರಿಗೆ ಮೋಸ ಮಾಡಿದ್ದೇನೆ ಎಂಬ ಒಪ್ಪಿಗೆ ಪತ್ರ ಅದು. ಸಹಿ ಹಾಕಿದರೆ ಆ ಒಂದು ಕುದುರೆಯ ಹೆಸರನ್ನು ಮಾತ್ರ ಹೊಡೆದುಹಾಕುತ್ತೀರಿ. ಹಾಕದಿದ್ದರೆ, ಮೋಸಗಾರನ ಲಾಯವನ್ನು ನಂಬಲಾಗದೆಂದು ನಮ್ಮಲ್ಲಿರುವ ಅಷ್ಟೂ ಕುದುರೆಗಳ ವಂಶಾವಳಿಯನ್ನು ರದ್ದು ಮಾಡುತ್ತೀರಿ. ಇದಕ್ಕೆ ನೀವು 'ರಿಯಾಯಿತಿ' ಎಂದು ಹೆಸರಿಟ್ಟಿದ್ದೀರಿ. ಕುತ್ತಿಗೆ ಹಿಸುಕುವುದಕ್ಕೆ ಇಷ್ಟು ಮರ್ಯಾದಸ್ಥ ಹೆಸರಿದೆಯೆಂದು ನನಗೆ ಗೊತ್ತಿರಲಿಲ್ಲ. ನಾನು ಖಾಸಗಿಯಾಗಿ ಬರೆದ ಪತ್ರಗಳಿಗೆಲ್ಲ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂದಿದ್ದರಿಂದ, ಈಗ ನಾಲ್ಕು ಜನಕ್ಕೆ ಕೇಳುವಂತೆ ಬರೆಯುತ್ತಿದ್ದೇನೆ.

ನಿಮ್ಮ ಕಡತದಲ್ಲಿ ಅಂಕಿಯಾಗಿ ಮಲಗಿರುವ ಆ ಹೆಣ್ಣು ಕುದುರೆಯನ್ನು ನಾವು ಸಿಡುಕಿ ಎಂದು ಕರೆಯುತ್ತೇವೆ. ಕೆಂಚು ಬಣ್ಣ, ಕೆಂಚು ಜೂಲು, ಮುಟ್ಟಿದರೆ ಕಿವಿ ಹಿಂದಕ್ಕೆ. ಅವಳ ತಾಯಿಯನ್ನು ಅಪ್ಪ ಮತ್ತು ನಾನು ಸೇರಿ ದೊಡ್ಡ ಫಾರಂಗೆ ಕರೆದೊಯ್ದು, ಚಕ್ರವರ್ತಿ ಎಂದು ಎಲ್ಲರೂ ಕರೆಯುತ್ತಿದ್ದ ಕೆಂಚು ಗಂಡಿನೊಡನೆ ಕೂಡಿಸಿಕೊಂಡು ಬಂದೆವು. ಹಗ್ಗ ಹಿಡಿದವಳು ನಾನೇ. ಆಗ ಚಕ್ರವರ್ತಿಗೆ ಹರೆಯ. ನಿಮ್ಮ ಕಚೇರಿಗೆ ಡಿಎನ್‌ಎ ಎಂಬ ಮೂರಕ್ಷರ ಇನ್ನೂ ಪರಿಚಯವಾಗಿರಲಿಲ್ಲ. ಮಾಲೀಕ ಹೇಳಿದ, ನೀವು ಬರೆದುಕೊಂಡಿರಿ, ಅಷ್ಟೇ.

ಈ ವರ್ಷ ಸಿಡುಕಿಯ ಮಗನನ್ನು ಕೊಳ್ಳಲು ಬಂದವರು ತಾಯಿಯ ಪರೀಕ್ಷೆಯೂ ಆಗಲಿ ಎಂದರು. ಅಪ್ಪ ಖುಷಿಯಿಂದ ಒಪ್ಪಿದರು. ಫಲಿತಾಂಶ ಬಂತು: ಸಿಡುಕಿ ಚಕ್ರವರ್ತಿಯ ಮಗಳಲ್ಲ. ನಿಮ್ಮ ಗುಮಾಸ್ತರು ಕನಿಕರದಿಂದಲೇ ಹೇಳಿದರು, "ಡಿಎನ್‌ಎ ಸುಳ್ಳು ಹೇಳಲ್ಲ ಮೇಡಂ." ನಿಜ, ಹೇಳುವುದಿಲ್ಲ. ಆದರೆ ತಾನು ಯಾರ ಕೂದಲೆಂದೂ ಅದು ಹೇಳುವುದಿಲ್ಲವಲ್ಲ? ಅದನ್ನು ಹೇಳುವವನು ಲಕೋಟೆಯ ಮೇಲೆ ಹೆಸರು ಬರೆದವನು. ಸಿಡುಕಿಯ ಕೂದಲನ್ನು ನೀವು ಹೋಲಿಸಿದ್ದು ಚಕ್ರವರ್ತಿಯೊಡನೆಯೋ ಅಥವಾ ಚಕ್ರವರ್ತಿ ಎಂದು ಬರೆದ ಲಕೋಟೆಯೊಡನೆಯೋ?

ಕುದುರೆ ಸಾಕದ ಓದುಗರಿಗಾಗಿ ಒಂದು ಮಾತು. ಬೆಲೆಬಾಳುವ ಗಂಡು ಕುದುರೆಯನ್ನು ನೇರವಾಗಿ ಹೆಣ್ಣಿನ ಬಳಿ ಬಿಡುವುದಿಲ್ಲ, ಒದೆ ಬಿದ್ದೀತೆಂಬ ಭಯ. ಮೊದಲು ಒಂದು ಸಾಧಾರಣ ಗಂಡನ್ನು ಬೇಲಿಯಾಚೆ ನಿಲ್ಲಿಸಿ ಹೆಣ್ಣು ಬೆದೆಗೆ ಬಂದಿದೆಯೇ ಎಂದು ನೋಡುತ್ತಾರೆ. ಹೆಣ್ಣು ಒಲಿದಳೆಂದು ಗೊತ್ತಾದ ಕೂಡಲೇ ಪಾಪ ಅವನನ್ನು ಎಳೆದುಕೊಂಡು ಹೋಗಿ, ದೊರೆಯನ್ನು ಕರೆತರುತ್ತಾರೆ. ದೊಡ್ಡ ಫಾರಂನಲ್ಲಿ ಈ ಕೆಲಸಕ್ಕಿದ್ದವನು ಒಂದು ಬಿಳಿ ಕುದುರೆ. ಕೆಲಸದವರು ಅವನಿಗೆ ದಲ್ಲಾಳಿ ಎಂದು ಹೆಸರಿಟ್ಟಿದ್ದರು, ಸಂಬಂಧ ಕುದುರಿಸುವುದಷ್ಟೇ ಅವನ ಪಾಲಿಗೆ. ಮುಂದೆ ಚಕ್ರವರ್ತಿ ಜ್ವರ ಬಂದು ಮಲಗಿ ಎದ್ದ ಮೇಲೆ ಅವನಿಂದ ಯಾವ ಹೆಣ್ಣಿಗೂ ಗರ್ಭ ನಿಲ್ಲಲಿಲ್ಲ. ಹಾಗೆಂದು ದೊಡ್ಡ ಫಾರಂನ ವ್ಯಾಪಾರ ನಿಲ್ಲಲು ಸಾಧ್ಯವೇ? ದಲ್ಲಾಳಿಗೆ ಬಡ್ತಿ ಸಿಕ್ಕಿತು. ಅವನ ಮರಿಗಳು ಚಕ್ರವರ್ತಿಯ ಹೆಸರಲ್ಲಿ ಹುಟ್ಟತೊಡಗಿದವು.

ಅಷ್ಟರಲ್ಲಿ ನಿಮ್ಮ ಡಿಎನ್‌ಎ ನಿಯಮ ಬಂತು. ಮಾದರಿ ತೆಗೆಯಲು ನಿಮ್ಮ ಪರೀಕ್ಷಕರು ಖುದ್ದಾಗಿ ಫಾರಂಗೆ ಹೋದರು. ಅಲ್ಲಿ ಆಗ ಲಾಯ ನೋಡಿಕೊಳ್ಳುತ್ತಿದ್ದವನು ಈಗ ಕೆಲಸ ಬಿಟ್ಟಿದ್ದಾನೆ. ಅವನು ನನ್ನೆದುರು ಕೂತು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಅಕ್ಕಾ, ಸಾಹೇಬ್ರು ಲಾಯದ ಹತ್ರಾನೇ ಬರ್ಲಿಲ್ಲ. ಬೂಟು ಗಲೀಜಾಗುತ್ತೆ ಅಂತ ಜಗಲಿ ಮೇಲೇ ಕೂತಿದ್ರು. ನಾಲ್ಕು ಕೂದಲು ಬುಡಸಮೇತ ಕಿತ್ಕೊಂಡು ಬಾ ಅಂದ್ರು. ನಮ್ಮ ಯಜಮಾನ್ರು ಕಣ್ಣಲ್ಲೇ ದಲ್ಲಾಳಿ ಕಡೆ ತೋರಿಸಿದ್ರು. ನಾನು ಕಿತ್ಕೊಟ್ಟೆ. ಸಾಹೇಬ್ರು ಮಾತಾಡ್ತಾ ಮಾತಾಡ್ತಾನೇ ಲಕೋಟೆಗೆ ಹಾಕಿ ಅಂಟಿಸಿದ್ರು. ಬಗ್ಗಿ ನೋಡೋಕೂ ಪುರುಸೊತ್ತಿರ್ಲಿಲ್ಲ." ಇದನ್ನು ಬರೆದುಕೊಡು ಎಂದೆ. "ಅದೊಂದು ಕೇಳ್ಬೇಡಿ. ನನ್ನ ಅಳಿಯ ಇನ್ನೂ ಅಲ್ಲೇ ಕೆಲಸಕ್ಕಿದ್ದಾನೆ" ಎಂದು ಕೈಮುಗಿದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಹೀಗಾಗಿ, ಮಾನ್ಯರೇ, ನಿಮ್ಮ ವಿಜ್ಞಾನದ ಪ್ರಕಾರ ದಲ್ಲಾಳಿಯ ಮಕ್ಕಳೆಲ್ಲ ಚಕ್ರವರ್ತಿಯ ಮಕ್ಕಳು, ಚಕ್ರವರ್ತಿಯ ಸ್ವಂತ ಮಗಳು ಮಾತ್ರ ಹಾದರಕ್ಕೆ ಹುಟ್ಟಿದವಳು. ಅವನ ಆ ಕಾಲದ ಉಳಿದ ಮಕ್ಕಳು ದೇಶಾಂತರ ಹೋಗಿವೆ, ಅವನ್ನು ಯಾರೂ ಪರೀಕ್ಷೆಗೆ ತಂದಿಲ್ಲ. ಚಕ್ರವರ್ತಿ ಸತ್ತ, ಸುಟ್ಟು ಬೂದಿ ಮಾಡಿದರು. ದಲ್ಲಾಳಿಯನ್ನು ಯಾರಿಗೋ ಸಾಗಹಾಕಿದರು.

ಆದರೆ ದಲ್ಲಾಳಿಯ ಮಕ್ಕಳಿದ್ದಾರಲ್ಲ! ಕಳೆದ ಪ್ರದರ್ಶನದಲ್ಲಿ ನಾನೇ ಕಂಡೆ. ಕೆಂಚು ತಾಯಿ, ಕೆಂಚು ತಂದೆ ಎಂದು ನಿಮ್ಮ ಮೊಹರು ಬಿದ್ದ ಎಳೆ ಕುದುರೆಗಳು ಕಣ್ಣಿನ ಸುತ್ತಲಿಂದ ಬೆಳ್ಳಗಾಗುತ್ತಿವೆ. ಬಿಳಿ ಕುದುರೆಯ ಮರಿ ಹುಟ್ಟುವಾಗ ಕೆಂಚಾಗಿಯೋ ಕಪ್ಪಾಗಿಯೋ ಇದ್ದು, ಬೆಳೆಯುತ್ತ ಬಿಳಿಯಾಗುತ್ತದೆ. ತಂದೆ ತಾಯಿಯರಲ್ಲಿ ಒಬ್ಬರಾದರೂ ಅಂಥವರಿಲ್ಲದಿದ್ದರೆ ಮರಿ ಹಾಗಾಗುವುದಿಲ್ಲ. ಇದು ನಿಮ್ಮದೇ ಕೈಪಿಡಿಯಲ್ಲಿದೆ. ನಾನು ಆ ಪುಟ ತೆರೆದು ತೋರಿಸಿದೆ. ನಿಮ್ಮ ಗುಮಾಸ್ತರು ತಲೆ ಕೆರೆದುಕೊಂಡು, "ವಯಸ್ಸಾಗ್ತಾ ಹೋದ ಹಾಗೆ ಎಲ್ರ ಕೂದಲೂ ನರೆಯುತ್ತಲ್ಲ ಮೇಡಂ" ಎಂದರು. ಇನ್ನೂ ಹಾಲುಹಲ್ಲು ಬೀಳದ ಕುದುರೆಗಳ ಬಗ್ಗೆ ಮಾತಾಡುತ್ತಿದ್ದೆವು. ಅಳಬೇಕೋ ನಗಬೇಕೋ ತಿಳಿಯದೆ ಮೆಟ್ಟಿಲಿಳಿದು ಬಂದೆ.

ಮತ್ತೆ ಹೋದೆ. ಪರೀಕ್ಷೆ ಬೇಡ, ಯಂತ್ರ ಬೇಡ, ಕಪಾಟಿನಲ್ಲಿರುವ ಆ ಲಕೋಟೆ ಬಿಚ್ಚಿ, ಮಿಕ್ಕಿರುವ ಕೂದಲು ಕೆಂಚೋ ಬಿಳಿಯೋ ನೋಡಿ ಎಂದೆ. ಅದಕ್ಕೊಂದು ನಿಯಮವಿದೆಯಂತೆ: ಮುದ್ರೆ ಹಾಕಿದ ಮಾದರಿಯನ್ನು ತೆರೆಯಲು ಗಂಡು ಕುದುರೆಯ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ಅಂದರೆ ಕಳ್ಳನ ಮನೆ ಜಾಲಾಡಲು ಕಳ್ಳನೇ ಅರ್ಜಿ ಹಾಕಬೇಕು! ಇನ್ನೂ ಒಂದು ನಿಯಮವಿದೆ: ಒಪ್ಪಿಗೆ ಪತ್ರಕ್ಕೆ ಸಹಿ ಬಿದ್ದು ಪ್ರಕರಣ ಮುಗಿದ ಮೇಲೆ ಅದಕ್ಕೆ ಸಂಬಂಧಿಸಿದ ಮಾದರಿಗಳನ್ನೆಲ್ಲ ನಾಶಪಡಿಸುತ್ತೀರಂತೆ. ನನ್ನ ಅಪ್ಪನ ಸಹಿ ಅವರ ಮರ್ಯಾದೆಯನ್ನಷ್ಟೇ ಅಲ್ಲ, ಅವರ ಕಟ್ಟಕಡೆಯ ಸಾಕ್ಷಿಯನ್ನೂ ಸುಡುತ್ತದೆ. ಇದು ನಿಮಗೆ ಹೊಳೆದಿಲ್ಲವೇ, ಅಥವಾ ಹೊಳೆದದ್ದರಿಂದಲೇ ರಿಯಾಯಿತಿಯೇ?

ಅಪ್ಪ ಎಂಥವರೆಂದು ನಿಮಗೆ ಗೊತ್ತಿಲ್ಲ. ಕುದುರೆ ಕೊಳ್ಳಲು ಬಂದವರಿಗೆ ಬಾಗಿಲಲ್ಲೇ "ಇದು ಕಚ್ಚುತ್ತೆ, ಅದು ನೀರು ಕಂಡ್ರೆ ಹೆದರುತ್ತೆ" ಎಂದು ಊದಿ ವ್ಯಾಪಾರ ಕೆಡಿಸಿಕೊಳ್ಳುವವರು. ಅಮ್ಮ ಬದುಕಿದ್ದಷ್ಟು ದಿನವೂ ಗ್ರಾಹಕರು ಬಂದಾಗ ಅಪ್ಪನನ್ನು ಹುಲ್ಲು ತರಲು ಕಳಿಸಿಬಿಡುತ್ತಿದ್ದಳು. ಈಗ ಲಾಳ ಹೊಡೆಯುವವನು ಕೂಡ "ಏನ್ ಯಜಮಾನ್ರೇ, ಈ ಮರಿಗೆ ಅಪ್ಪ ಯಾರು?" ಎಂದು ಹಲ್ಲು ಕಿರಿಯುತ್ತಾನೆ. ಅಪ್ಪ ಕುದುರೆಯ ಕಾಲು ಹಿಡಿದುಕೊಂಡು ನಿಂತಿರುತ್ತಾರೆ.

ಮೊನ್ನೆ ಜಗಳವಾಡಿದೆ. "ಮಾಡದ ತಪ್ಪು ಯಾಕಪ್ಪ ಒಪ್ಕೋತೀರಿ?"

"ತಾನು ಯಾರ ಮಗಳು ಅಂತ ಸಿಡುಕಿಗೇನು ಆಗ್ಬೇಕಾಗಿದೆ? ಹೊತ್ತಿಗೆ ಸರಿಯಾಗಿ ಹುಲ್ಲು ಬಿದ್ರೆ ಸಾಕು ಅವಳಿಗೆ. ಉಳಿದವಕ್ಕೆ ಕಾಗದ ಇಲ್ಲ ಅಂದ್ರೆ ಗಾಡಿಗೆ ಕಟ್ತಾರಮ್ಮ. ಅವಕ್ಕೆ ಭಾರ ಎಳೆದು ಗೊತ್ತಿಲ್ಲ."

"ಮತ್ತೆ ನಿಮ್ಮ ಹೆಸರು?"

"ನನ್ನ ಹೆಸರು ಇಟ್ಕೊಂಡು ಏನು ಮಾಡ್ಲಿ? ನಾನೇನು ಇನ್ನು ಮರಿ ಹಾಕ್ಬೇಕಾ?"

ನಗು ಬಂತು. ನಗುತ್ತಲೇ ನೀರಿನ ತೊಟ್ಟಿಯ ಹಿಂದೆ ಹೋಗಿ ಸಾಕಾಗುವಷ್ಟು ಅತ್ತೆ. ಮಾನ್ಯರೇ, ನನಗೆ ಭಯವಾಗುತ್ತಿದೆ. ಈ ಮನುಷ್ಯ ಆ ಸುಳ್ಳಿಗೆ ಸಹಿ ಹಾಕಿ ಮನೆಗೆ ಬಂದರೆ, ಬರುವವರು ನನ್ನ ಅಪ್ಪನಾಗಿ ಉಳಿದಿರುವುದಿಲ್ಲ.

ದೊಡ್ಡ ಫಾರಂನವರನ್ನು ಶಿಕ್ಷಿಸಿ ಎಂದು ನಾನು ಕೇಳುತ್ತಿಲ್ಲ, ಅಷ್ಟು ದೊಡ್ಡ ಆಸೆ ನನಗಿಲ್ಲ. ಸೋಮವಾರಕ್ಕೆ ಮುಂಚೆ, ನಿಮಗೆ ಬೇಕಾದ ನಾಲ್ವರ ಎದುರು, ಆ ಲಕೋಟೆ ಬಿಚ್ಚಿ. ಒಂದು ಬಿಳಿ ಹಾಳೆಯ ಮೇಲೂ ಒಂದು ಕಪ್ಪು ಹಾಳೆಯ ಮೇಲೂ ಕೂದಲನ್ನಿಟ್ಟು ನೋಡಿ. ಕೆಂಚಾಗಿದ್ದರೆ ನನ್ನನ್ನೂ ಮೋಸಗಾರ್ತಿ ಎಂದು ಬರೆದುಕೊಳ್ಳಿ, ಇಬ್ಬರೂ ಸಹಿ ಹಾಕುತ್ತೇವೆ. ಬಿಳಿಯಾಗಿದ್ದರೆ ಆ ಒಪ್ಪಿಗೆ ಪತ್ರವನ್ನು ಹರಿದುಹಾಕಿ. ಕೈಮುಗಿದು ಕೇಳುತ್ತಿದ್ದೇನೆ.

ಅಪ್ಪ ಓದದೆ ಯಾವುದಕ್ಕೂ ಸಹಿ ಹಾಕುವವರಲ್ಲ. ಅದಕ್ಕೇ ನಾನು ಅವರ ಕನ್ನಡಕವನ್ನು ಬಚ್ಚಿಟ್ಟಿದ್ದೇನೆ. ಬೆಳಿಗ್ಗೆಯಿಂದ ಹಾಸಿಗೆ ಕೊಡವಿ, ಹುಲ್ಲಿನ ರಾಶಿ ಕೆದಕಿ ಹುಡುಕುತ್ತಿದ್ದಾರೆ. "ನೀನೇನಾದ್ರೂ ನೋಡಿದ್ಯೇನಮ್ಮ?" ಎಂದು ಕೇಳಿದರು. ಇಲ್ಲ ಎಂದೆ. ತಕ್ಷಣ ನಂಬಿದರು. ಈ ಮನೆಯಲ್ಲಿ ನಾನು ಅವರಿಗೆ ಹೇಳಿದ ಮೊದಲ ಸುಳ್ಳು ಅದು, ಹೇಳಿಸಿದ್ದು ನಿಮ್ಮ ಕಚೇರಿ. ಎರಡನೆಯದನ್ನು ಅವರಿಂದ ಹೇಳಿಸಬೇಡಿ.

ಇಂತಿ,
ನೀವು ಮೋಸಗಾರನೆಂದು ಕರೆದವರ ಮಗಳು
(ಅನುಮಾನವಿದ್ದರೆ ಕೂದಲು ಕಿತ್ತುಕೊಡುತ್ತೇನೆ. ದಯವಿಟ್ಟು ಈ ಸಲ ಜಗಲಿಯಿಂದ ಇಳಿದು ಬಂದು ತೆಗೆದುಕೊಳ್ಳಿ.)